ಮೂರನೇ ಸುತ್ತಿನ ಸೀಗಡಿ

"ಒಂದು ಊಟ ತಾನೆ? ಅಷ್ಟು ಹೊತ್ತು ಡ್ಯೂಟಿ ಮರೆತು ಮನುಷ್ಯನ ಹಾಗೆ ಕೂತಿರ್ತೀನಿ. ನೋಡ್ತಾ ಇರು," ಎಂದು ಬೆಲ್ಟ್ ಸಾಹೇಬರು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡರು.

ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳು ಸುತ್ತು ಬರುವ ಬೆಲ್ಟಿಗೆ ಅವರು ಸೂಪರ್‌ವೈಸರ್. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಸವೆದುಹೋಗಿ ಇದೊಂದೇ ಉಳಿದಿತ್ತು. ಹೋದ ಸಲ ಪ್ರವಾಸಕ್ಕೆ ಹೋದಾಗ ಪರವೂರಿನ ಬೆಲ್ಟಿನ ಮುಂದೆ ಎರಡು ಗಂಟೆ ನಿಂತು, ಅಲ್ಲಿನ ಸಿಬ್ಬಂದಿಗೆ ಬುದ್ಧಿ ಹೇಳಿ, ಚೆನ್ನಾಗಿ ಉಗಿಸಿಕೊಂಡು ಬಂದಿದ್ದರು. ಆದ್ದರಿಂದ ಈ ಸಲದ ಎಂಟು ದಿನದ ಸಮುದ್ರತೀರದ ಪ್ರವಾಸಕ್ಕೆ ಶ್ರೀಮತಿಯವರು ಷರತ್ತು ಹಾಕಿದ್ದರು. ಹೊರಡುವ ಮೊದಲು ಊರಿನ ಒಂದು ಹೋಟೆಲಿನಲ್ಲಿ ಊಟ, ಹೋಟೆಲು ಅವರು ಆರಿಸಿದ್ದು. ಊಟ ಮುಗಿಯುವವರೆಗೆ ಗಂಡ ಡ್ಯೂಟಿ ಮಾಡದಿದ್ದರೆ ಜೊತೆಗೆ ಕರೆದೊಯ್ಯುವುದು, ಮಾಡಿದರೆ ಅಕ್ಕನ ಜೊತೆ ಹೊರಡುವುದು. ಸಾಹೇಬರಿಗೆ ಸಮುದ್ರವೆಂದರೆ ಪ್ರಾಣ. ಹೊಸ ಈಜುಚಡ್ಡಿ ತಂದು ಕನ್ನಡಿಯ ಮುಂದೆ ಎರಡು ಸಲ ಹಾಕಿ ನೋಡಿಯೂ ಆಗಿತ್ತು.

ಅದೊಂದು ಪುಟ್ಟ ಜಪಾನಿ ಹೋಟೆಲು. ಒಳಗೆ ಕಾಲಿಟ್ಟೊಡನೆ ಸಾಹೇಬರ ಎದೆ ಧಸಕ್ಕೆಂದಿತು. ನಡುವೆ ಅಡುಗೆಯವರು, ಅವರ ಸುತ್ತ ಒಂದು ಬೆಲ್ಟು, ಅದರ ಮೇಲೆ ಅನ್ನದುಂಡೆಗೆ ಮೀನು ಹೊದಿಸಿದ ತಟ್ಟೆಗಳ ಮೆರವಣಿಗೆ. ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳಬೇಕು. ಎತ್ತಿದ್ದನ್ನು ವಾಪಸ್ ಇಡುವಂತಿಲ್ಲ.

"ಏನ್ರೀ, ಮುಖ ಯಾಕೆ ಹಾಗಾಯ್ತು?"

"ಬೆಲ್ಟಾ? ಎಲ್ಲಿ? ನಾನು ನೋಡೇ ಇಲ್ಲ."

ಹತ್ತು ನಿಮಿಷ ಸಾಹೇಬರು ಚಾವಣಿ ನೋಡಿಕೊಂಡೇ ಊಟ ಮಾಡಿದರು. ಆಮೇಲೆ ಒಂದು ಸೀಗಡಿ ತಟ್ಟೆ ಕಣ್ಣಿಗೆ ಬಿತ್ತು. ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಯಾರೂ ಎತ್ತಲಿಲ್ಲ. ಮೂರು ಸುತ್ತು ಬಂದರೂ ವಾರಸುದಾರರಿಲ್ಲದ ಪೆಟ್ಟಿಗೆಯನ್ನು ಕೆಳಗಿಳಿಸಬೇಕೆನ್ನುವುದು ಅವರ ಕೆಲಸದ ಮೊದಲ ನಿಯಮ. ಕೈ ತಾನಾಗಿಯೇ ಹೋಗಿ ಇಳಿಸಿಬಿಟ್ಟಿತು.

"ನಿಮಗೆ ಸೀಗಡಿ ಸೇರಲ್ವಲ್ಲ?"

"ಇವತ್ತಿಂದ ಸೇರುತ್ತೆ," ಎಂದು ಕಣ್ಣುಮುಚ್ಚಿ ನುಂಗಿದರು.

ಹಿಂದೆಯೇ ಮೂರನೇ ಸುತ್ತಿಗೆ ಬಂದ ಒಂದು ಆಕ್ಟೋಪಸ್ ಕಾಲು, ಅದರ ಹಿಂದೆ ಯಾವುದೋ ಮೀನಿನ ಮೊಟ್ಟೆ, ಹೆಸರು ಕೇಳುವ ಧೈರ್ಯ ಬಾರದ ಇನ್ನೊಂದು. ಇಳಿಸಿದ್ದನ್ನೆಲ್ಲ ತಿನ್ನಲೇಬೇಕು, ಇಲ್ಲದಿದ್ದರೆ ಗುಟ್ಟು ರಟ್ಟು. ಹದಿಮೂರು ತಟ್ಟೆ ಮುಗಿಯುವಷ್ಟರಲ್ಲಿ ಷರ್ಟಿನ ಗುಂಡಿ ಪ್ರಾಣಸಂಕಟದಲ್ಲಿತ್ತು.

"ಇಷ್ಟೊಂದು ಹಸಿವಾ?" ಎಂದರು ಶ್ರೀಮತಿ, ಚಹಾ ಹೀರುತ್ತ.

"ಹೂಂ ಕಣೇ, ವಿಪರೀತ," ಎಂದು ಸಾಹೇಬರು ತೇಗನ್ನು ಒಳಗೇ ಅದುಮಿಕೊಂಡರು.

ಆಗ ಮೂಲೆಯ ತಿರುವಿನಲ್ಲಿ ಒಂದು ತಟ್ಟೆ ಸಿಕ್ಕಿಕೊಂಡಿತು. ಹಿಂದಿನದು ಬಂದು ಗುದ್ದಿತು, ಅದರ ಹಿಂದಿನದು ಮೇಲೇರಿತು. ಸಾಹೇಬರು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅದುಮಿ ಕೂತರು. ಸಮುದ್ರ, ಮರಳು, ಈಜುಚಡ್ಡಿ ಎಂದು ಮನಸ್ಸಿನಲ್ಲೇ ಜಪಿಸಿದರು. ಐದನೇ ತಟ್ಟೆ ನೆಲಕ್ಕೆ ಬಿದ್ದಾಗ ಜಪವೂ ಕೆಟ್ಟಿತು.

"ಎಲ್ಲರೂ ಹಳದಿ ಗೆರೆಯ ಹಿಂದೆ ನಿಲ್ಲಿ!" ಎಂದು ವಿಮಾನ ನಿಲ್ದಾಣದ ದನಿಯಲ್ಲೇ ಗುಡುಗಿದರು.

ಹೋಟೆಲಿಗೆ ಹೋಟೆಲೇ ಎದ್ದು ನಿಂತು, ಕಾಲಬುಡದಲ್ಲಿ ಹಳದಿ ಗೆರೆ ಹುಡುಕತೊಡಗಿತು. ಅಡುಗೆಯವನೂ ಚಾಕು ಸಮೇತ ಎರಡು ಹೆಜ್ಜೆ ಹಿಂದೆ ಸರಿದ. ಸಾಹೇಬರು ಧಾವಿಸಿ, ಸಿಕ್ಕಿಕೊಂಡ ತಟ್ಟೆ ಬಿಡಿಸಿ, ಉಳಿದವನ್ನು ಒಂದು ಗೇಣು ಅಂತರದಲ್ಲಿ ಜೋಡಿಸಿ, ಕೈ ಒರೆಸಿಕೊಂಡು ತಿರುಗಿದರು. ಶ್ರೀಮತಿಯವರು ಆಗಲೇ ಅಕ್ಕನಿಗೆ ಫೋನು ಹಚ್ಚಿದ್ದರು.

"ಇದು ಅನ್ಯಾಯ ಕಣೇ," ಎಂದರು ಸಾಹೇಬರು. "ಇಲ್ಲಿ ಬೆಲ್ಟ್ ಇರುತ್ತೆ ಅಂತ ನಿಂಗಾದ್ರೂ ಏನು ಗೊತ್ತಿತ್ತು? ಇದನ್ನ ಲೆಕ್ಕಕ್ಕೆ ಹಿಡೀಬೇಡ."

ಶ್ರೀಮತಿ ಫೋನಿಗೆ ಕೈ ಅಡ್ಡ ಹಿಡಿದು ತಣ್ಣಗೆ ಹೇಳಿದರು: "ಊರಿಗೆಲ್ಲ ಬೆಲ್ಟ್ ಇರೋ ಹೋಟೆಲ್ ಇದೊಂದೇ ರೀ. ಹುಡುಕೋಕೆ ನಂಗೂ ಅಕ್ಕಂಗೂ ಒಂದು ವಾರ ಹಿಡೀತು."