ಇಂಗ್ಲೆಂಡಿನಿಂದ ಬರಬೇಕಿದ್ದ ಪಲ್ಲವಿ

ಬ್ಯಾಡಗಿಯಲ್ಲಿ ನಮ್ಮ ತವರುಮನೆಯನ್ನು ಅರಿಯದವರಿಲ್ಲ. ಅಜ್ಜ ಮೆಣಸಿನಕಾಯಿ ವ್ಯಾಪಾರಕ್ಕೆ ಇಳಿದ ಕಾಲದಿಂದ ಇಂದಿನವರೆಗೆ ಆ ಮನೆಯಿಂದ ಯಾರೂ ಉಣ್ಣದೆ ಎದ್ದುಹೋಗಿಲ್ಲ. ಕೊಟ್ಟ ಮಾತನ್ನು ನಮ್ಮವರು ಹಿಂದೆ ತೆಗೆದುಕೊಂಡದ್ದೂ ಇಲ್ಲ. ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿಸಿದರು. ಇಂಥ ಮನೆಯ ಹೆಣ್ಣಿಗೆ ನಗೆಪಾಟಲಿನ ಪ್ರಸಂಗಗಳು ಒಂದರ ಬೆನ್ನಿಗೆ ಒಂದು ಯಾಕೆ ಬರುತ್ತವೋ ನಾನರಿಯೆ. ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆ.

ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಸಮೂಹಗಾನದ ತಂಡವೂ ನನ್ನ ಕೈಯಲ್ಲೇ ಇತ್ತು. ಪಲ್ಲವಿ ಎತ್ತುವವಳು ಮೇಡ್ಲೇರಿಯ ಹುಡುಗಿ. ಬೀಜಗಳ ವಿಷಯ ಓದಲು ಒಂದು ವರ್ಷ ಇಂಗ್ಲೆಂಡಿಗೆ ಹೊರಟಾಗ, “ನನ್ನನ್ನ ತಂಡದಾಗಿಂದ ತಗೀಬ್ಯಾಡ್ರಿ ಮೇಡಂ” ಎಂದು ಅತ್ತಳು.

“ಪಲ್ಲವಿ ನಿನ್ನದೇ” ಎಂದು ಮಾತು ಕೊಟ್ಟೆ.

ಪ್ರಿನ್ಸಿಪಾಲರು ಮಾತ್ರ, “ಹಾವೇರಿ ಸ್ಪರ್ಧಾದಾಗ ಆಕಿ ದನಿ ಕೇಳಲಿಲ್ಲಂದ್ರ ಹೆಸರು ತಗೀತೀನ್ರಿ” ಎಂದರು. ಇಂಟರ್‌ನೆಟ್ ಬಂದಿತ್ತಲ್ಲ, ನಾನು ಹೆದರಲಿಲ್ಲ.

ಸಮುದ್ರದ ನೆವ

ಮೊದಲ ತಾಲೀಮು ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ. ನಾವು ಸಾಲು ಮುಗಿಸಿ ಬಾಯಿ ಮುಚ್ಚಿದ ಮೇಲೆ ಕಂಪ್ಯೂಟರಿನಿಂದ ಅವಳ ದನಿ ಬರುತ್ತಿತ್ತು.

“ತಡ ಯಾಕ?” ಎಂದು ಗದರಿದೆ.

“ನಾ ಸರಿಯಾದ ಹೊತ್ತಿಗೇ ಹಾಡಾಕತ್ತೇನ್ರಿ ಮೇಡಂ. ಸಮುದ್ರ ದಾಟಿ ಬರೂದ್ರಾಗ ತಡಾ ಆಗ್ತೈತಿ.”

ಬಸ್ಸು ಕೆಟ್ಟಿತ್ತು, ಎಮ್ಮೆ ಈದಿತ್ತು, ಹೀಗೆ ಹುಡುಗಿಯರ ಎಲ್ಲ ನೆವಗಳನ್ನೂ ಕೇಳಿದ್ದೇನೆ. ಸಮುದ್ರ ಅಡ್ಡ ಬಂದದ್ದು ಅದೇ ಮೊದಲು. ಕೊನೆಗೆ ಪಲ್ಲವಿಯನ್ನು ಅವಳೊಬ್ಬಳೇ ಹಾಡಿ ನಿಲ್ಲಿಸುವುದು, ಆಮೇಲೆ ನಾವು ಎತ್ತಿಕೊಳ್ಳುವುದು ಎಂದು ಗೊತ್ತುಮಾಡಿದೆ. ಕೆಫೆಯ ಮಾಲೀಕ ಕೈಮುಗಿದ: “ಭಾಳ ಛಲೋ ಆತ್ರಿ. ಇಷ್ಟೊತ್ತು ಪ್ರತಿ ಸಾಲೂ ಎರಡೆರಡು ಸಲ ಕೇಳೇವ್ರಿ. ನಾಳಿಂದ ಬ್ಯಾರೆ ಕಡೆ ನೋಡ್ಕೋರಿ.”

ಸೀನಿನ ವಿಳಾಸ

ಬೇರೆ ಕಡೆ ಎಂದರೆ ಬ್ಯಾಡಗಿಯಲ್ಲಿ ನನ್ನ ತಮ್ಮನ ಅಂಗಡಿ. ಅಲ್ಲಿ ಕಂಪ್ಯೂಟರ್ ಇತ್ತು, ಪಕ್ಕದಲ್ಲೇ ಮೆಣಸಿನಕಾಯಿ ಚೀಲಗಳ ರಾಶಿಯೂ ಇತ್ತು. ಎಲ್ಲಿದ್ದೇವೆಂದು ಅವಳಿಗೆ ತಿಳಿಸಿರಲಿಲ್ಲ. ನಾನು ತಾಳಕ್ಕೆ ಕೈ ಎತ್ತಿದೆ. ತಂಡದ ಹುಡುಗಿಯರೆಲ್ಲ ಉಸಿರೆಳೆದುಕೊಂಡರು, ಎಲ್ಲರೂ ಒಟ್ಟಿಗೆ ಸೀನಿದರು. ತಂಡ ಅಷ್ಟು ಒಗ್ಗಟ್ಟಿನಿಂದ ಎಂದೂ ಹಾಡಿರಲಿಲ್ಲ.

ಆಚೆಯಿಂದ ಗದ್ಗದ ದನಿ ಬಂತು: “ಬ್ಯಾಡಗ್ಯಾಗ ಅದೀರೇನ್ರಿ ಮೇಡಂ?”

ನನ್ನ ಇಂಗ್ಲಿಷು

ಅವಳ ಹಾಸ್ಟೆಲಿನಲ್ಲಿ ಬೇರೆಯೇ ಪಂಚಾಯಿತಿ. ಅವಳು ಸ್ವರ ಹಿಡಿದು ಎಳೆದಾಗಲೆಲ್ಲ ಹಲ್ಲುನೋವೆಂದು ತಿಳಿದು ಪಕ್ಕದ ಕೋಣೆಯವರು ಮಾತ್ರೆ ತಂದುಕೊಡುತ್ತಿದ್ದರಂತೆ. ಒಂದು ದಿನ ವಾರ್ಡನ್ ಬಾಗಿಲು ಬಡಿದಳು. “ಅವರನ್ನ ನನ್ನ ಜೊತೆ ಮಾತಾಡಿಸು” ಎಂದೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತೀಡಿದ ಇಂಗ್ಲಿಷಿನಲ್ಲಿ, ಸಂಗೀತದ ಮಹತ್ವವನ್ನು ಆ ಹೆಂಗಸಿಗೆ ಸಾವಕಾಶವಾಗಿ ವಿವರಿಸಿದೆ. ಆಕೆ ಎಲ್ಲ ಕೇಳಿ, ಹುಡುಗಿಗೆ ಏನೋ ಹೇಳಿ ಹೊರಟುಹೋದಳು.

“ಏನಂದರು?” ಎಂದೆ.

ಹುಡುಗಿ ತಡವರಿಸಿದಳು. “ನಿಮ್ಮ ಕನ್ನಡ ಭಾಷಾ ಕಿವಿಗೆ ಎಷ್ಟು ಇಂಪು ಅಂದ್ರು, ಮೇಡಂ.”

ಹಾವೇರಿಯ ವೇದಿಕೆ

ಸ್ಪರ್ಧೆಯ ದಿನ ನಮ್ಮ ಸರದಿ ಬಂದಾಗ ಸಂಜೆ ಐದು. ಇಂಗ್ಲೆಂಡಿನಲ್ಲಿ ಆಗ ನಡುಹಗಲು. ವೇದಿಕೆಯ ಮೇಲೆ ಕಂಪ್ಯೂಟರ್, ಅದರ ಮುಂದೆ ಮೈಕು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಅವರ ಪಕ್ಕ ಮೇಡ್ಲೇರಿಯಿಂದ ಬಂದ ಹುಡುಗಿಯ ಅಜ್ಜಿ. ನನ್ನ ಮಾತು ಉಳಿಯಲು ಒಂದು ಪಲ್ಲವಿ ಬಂದರೆ ಸಾಕಿತ್ತು.

“ಎಲ್ಲಾರಿಗೂ ನಮಸ್ಕಾರ್ರಿ” ಎಂದಿತು ಕಂಪ್ಯೂಟರು.

ಅಜ್ಜಿ ಎದ್ದವಳೇ ಸೀದಾ ವೇದಿಕೆ ಹತ್ತಿ ಮೈಕು ಹಿಡಿದಳು. “ಯವ್ವಾ, ಊಟ ಆತೇನ?”

ಹಿರಿಯರು ಊಟವಾಯಿತೇ ಎಂದು ಕೇಳಿದರೆ ಉತ್ತರ ಕೊಡದಿರುವ ಹುಡುಗಿ ನಮ್ಮ ಕಡೆ ಹುಟ್ಟಿಲ್ಲ. “ಇನ್ನ ಇಲ್ಲಬೇ. ಹಾಡು ಮುಗಿಸಿ ಉಣ್ತೀನಿ.”

“ಸಂಜಿ ಐದಾತು, ಇನ್ನೂ ಉಂಡಿಲ್ಲ?” ಅಜ್ಜಿ ನನ್ನತ್ತ ತಿರುಗಿದಳು. “ಏನ್ರೀ ಬಾಯಾರ, ಹಸದ ಕೂಸಿನ ಕಡಿಂದ ಹಾಡಸ್ತೀರಿ? ನಿಮ್ಮ ಮನ್ಯಾಗ ಹಿಂಗ ಏನ್ರೀ?”

“ಅಲ್ಲಿ ಈಗ ಮಧ್ಯಾಹ್ನ, ಅಜ್ಜಿ!”

“ಮಧ್ಯಾಹ್ನಕ್ಕ ಯಾರೂ ಉಣ್ಣೂದಿಲ್ಲೇನ್ರಿ?”

ಸಭೆ ಬಿದ್ದು ಬಿದ್ದು ನಕ್ಕಿತು. ಅಜ್ಜಿ ಮೈಕು ಬಿಡಲಿಲ್ಲ. “ಮೊದಲ ಉಣ್ಣು, ಆಮ್ಯಾಲ ಹಾಡು.”

“ಹೂನ್ಬೇ.”

ತಟ್ಟೆಯ ಸಪ್ಪಳ ಕೇಳಿತು. “ಏನೈತಿ?” “ಬ್ರೆಡ್ಡಬೇ.” “ರೊಟ್ಟಿ ಇಲ್ಲ?” “ಇಲ್ಲಿ ಸಿಗೂದಿಲ್ಲಬೇ.” ಅಜ್ಜಿ ಮತ್ತೆ ನನ್ನನ್ನೇ ದುರುಗುಟ್ಟಿ ನೋಡಿದಳು, ಇಂಗ್ಲೆಂಡಿನ ರೊಟ್ಟಿಯನ್ನೆಲ್ಲ ನಾನೇ ಬಚ್ಚಿಟ್ಟವಳ ಹಾಗೆ. ಅಷ್ಟು ಹೊತ್ತೂ ನಮ್ಮ ತಂಡ ಶ್ರುತಿ ಹಿಡಿದು ನಿಂತಿತ್ತು. ಕೊನೆಗೆ ನೀರು ಕುಡಿದ ಸದ್ದಾಯಿತು. ಅಜ್ಜಿ ತಲೆಯಾಡಿಸಿ ಕೆಳಗಿಳಿದಳು. ಆಗ ಬಂತು ಪಲ್ಲವಿ. ಹೊಟ್ಟೆ ತುಂಬಿದ ಕೊರಳು ಅದೆಷ್ಟು ನಿರಾಳವಾಗಿ ಹಾಡಿತೆಂದರೆ ಸಭೆ ಉಸಿರು ಬಿಡಲಿಲ್ಲ. ಪ್ರಿನ್ಸಿಪಾಲರು ನನ್ನತ್ತ ನೋಡಿ ಎರಡೂ ಕೈ ಎತ್ತಿಬಿಟ್ಟರು. ಹೆಸರು ಉಳಿಯಿತು, ಮಾತೂ ಉಳಿಯಿತು.

ನಮಗೆ ಮೊದಲ ಬಹುಮಾನವೇ ಬಂತು. ಸಮೂಹಗಾನಕ್ಕಲ್ಲ, ಹಾಸ್ಯ ನಾಟಕಕ್ಕೆ. ಹುಡುಗಿಯನ್ನು ಉಪವಾಸ ಕೆಡವಿದ ಟೀಚರ್ ಬಾಯಾರ ಪಾತ್ರ ಬಹಳ ಸಹಜವಾಗಿತ್ತೆಂದು ತೀರ್ಪುಗಾರರು ಮೈಕಿನಲ್ಲಿ ಸಾರಿದರು.

ನಾನು ಯಾವ ಪಾತ್ರವನ್ನೂ ಮಾಡಿಲ್ಲ. ನಮ್ಮ ಮನೆತನ ಯಾರನ್ನೂ ಉಪವಾಸ ಕೆಡವಿಲ್ಲ. ಆ ತೀರ್ಪುಗಾರರು ಅದೇ ವೇದಿಕೆ ಹತ್ತಿ, ಅದೇ ಮೈಕಿನಲ್ಲಿ ನನ್ನ ಕ್ಷಮೆ ಕೇಳಬೇಕು.