ಅತ್ತೆಯವರು ಬೇಕೆಂದೇ ಸೋತಿಲ್ಲವೆಂದು ದೃಢೀಕರಿಸುವ ಬಗ್ಗೆ

ಇಂದ:
ತಮ್ಮ ಕಿರಿಯ ಅಳಿಯ,
ನಾಮಫಲಕ, ನಂಬರ್ ಪ್ಲೇಟ್ ಹಾಗೂ ಸಕಲ ಸ್ಟಿಕ್ಕರ್ ಕೆಲಸಗಳ ಏಕಮೇವ ಚಕ್ರವರ್ತಿ,
ಸೇತುವೆಯ ಕೆಳಗಿನ ಎರಡನೆಯ ಅಂಗಡಿ.

ಗೆ:
ಮಾನ್ಯ ಅತ್ತೆಯವರು,
ಆಜೀವ ಅಧ್ಯಕ್ಷರು, ಭಾನುವಾರದ ಇಸ್ಪೀಟು ಮಂಡಳಿ,
ಊಟದ ಮೇಜು, ಮೇಲ್ಮಹಡಿ.

ವಿಷಯ: ಕಳೆದ ಭಾನುವಾರದ ಕೊನೆಯ ಆಟದಲ್ಲಿ ತಾವು ಅರ್ಜಿದಾರನ ಅಸಾಧಾರಣ ಪ್ರತಿಭೆಯೆದುರು ಅನಿವಾರ್ಯವಾಗಿ ಸೋತಿದ್ದೀರೇ ಹೊರತು ಬೇಕೆಂದೇ ಸೋತಿಲ್ಲವೆಂದು ಲಿಖಿತ ದೃಢೀಕರಣ ಕೋರಿ.

ಉಲ್ಲೇಖ: ೧) ತಮ್ಮ ಮೌಖಿಕ ಆದೇಶ: "ಯಾರಾದ್ರೂ ಈ ಬಿಲ್ಲೆಗಳಿಗೊಂದು ಗತಿ ಕಾಣಿಸಿ."
೨) ಆಟ ಮುಗಿದು ಮೆಟ್ಟಿಲಿಳಿಯುವಾಗ ನನ್ನ ಪತ್ನಿ ಆಡಿದ ಒಂದು ಮಾತು.
೩) ತದನಂತರ ನನಗೆ ಬಾರದಿರುವ ನಿದ್ದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದ್ಯಕ್ಕೆ ಕೈಮುಗಿಯಲು ಆಗುತ್ತಿಲ್ಲ. ಹತ್ತೂ ಬೆರಳಿಗೆ ಬಟ್ಟೆ ಸುತ್ತಿದೆ. ಆದಕಾರಣ ಈ ಅರ್ಜಿಯನ್ನು ನಾನು ಹೇಳಿದಂತೆ ನನ್ನ ಪತ್ನಿ, ಅಂದರೆ ತಮ್ಮ ಕಿರಿಯ ಮಗಳು, ಬರೆದುಕೊಳ್ಳುತ್ತಿದ್ದಾಳೆ. ಸಂಖ್ಯೆಗಳು ಬಂದ ಕಡೆ ತಿದ್ದುವ ಹಕ್ಕು ತನಗಿರಬೇಕೆಂದು ಷರತ್ತು ಹಾಕಿದ್ದಾಳೆ. ಒಪ್ಪಿದ್ದೇನೆ. ಬಟ್ಟೆ ಸುತ್ತಿದವಳೂ ಅವಳೇ.

೧. ತಾವು ಇಸ್ಪೀಟು ಕ್ಲಬ್ಬೊಂದರ ಬಿಲ್ಲೆ ಕೌಂಟರಿನಲ್ಲಿ ಅರ್ಧ ಆಯುಸ್ಸು ಕೂತು, ಅದು ಬಾಗಿಲು ಹಾಕಿದ ದಿನ ನೆನಪಿಗೆಂದು ಒಂದು ಮರದ ಪೆಟ್ಟಿಗೆ ತುಂಬ, ದುಡ್ಡಿನ ಬದಲು ಪಣಕ್ಕಿಡುವ ಜೇಡಿಮಣ್ಣಿನ ಪೋಕರ್ ಬಿಲ್ಲೆಗಳನ್ನು ಮನೆಗೆ ತಂದಿರುವುದು ಸರಿಯಷ್ಟೆ. ಪ್ರತಿ ಬಿಲ್ಲೆಯ ನಡುವೆ ಒಂದು ತಗ್ಗು, ತಗ್ಗಿನಲ್ಲಿ ದುಂಡನೆಯ ಚೀಟಿ, ಚೀಟಿಯ ಮೇಲೆ ಬೆಲೆ. ಹೆಬ್ಬೆರಳುಗಳು ಉಜ್ಜಿ ಉಜ್ಜಿ ಚೀಟಿಗಳೆಲ್ಲ ಬೋಳಾಗಿದ್ದವು. ಬಿಲ್ಲೆಗಳ ಬಣ್ಣವೂ ಹೋಗಿ ಎಲ್ಲವೂ ಒಂದೇ ಮಣ್ಣುಬಣ್ಣಕ್ಕೆ ಇಳಿದಿದ್ದವು. ಈ ಪರಿಸ್ಥಿತಿಯ ಸಂಪೂರ್ಣ ಲಾಭ ಪಡೆದವರು ತಮ್ಮ ಹಿರಿಯ ಅಳಿಯಂದಿರು, ಅಂದರೆ ನನ್ನ ಷಡ್ಡಕರು. ಅವರು ಯಾವ ಬಿಲ್ಲೆ ಎಸೆದರೂ ಅದು ನೂರರದ್ದು. ನಾನು ಎಸೆದರೆ ಮಾತ್ರ ಒಂದರದ್ದು.

೨. ನಮ್ಮಲ್ಲಿ ಆಟಕ್ಕೆ ಹಣವಿಲ್ಲ. ಗೆದ್ದವರಿಗೆ ಕಿಟಕಿಯ ಪಕ್ಕದ ಕೈಕುರ್ಚಿ. ಉಳಿದವರೆಲ್ಲ ಸ್ಟೂಲಿನ ಮೇಲೆ ಕೂತು ಉಣ್ಣುವಾಗ ಗೆದ್ದವರು ಕೈಯೂರಿ, ಬೆನ್ನೊರಗಿಸಿ ಉಣ್ಣಬಹುದು, ಮತ್ತು ಮುಂದಿನ ಭಾನುವಾರದ ಆಟ ಮುಗಿಯುವ ತನಕ ಆ ಕುರ್ಚಿಯಿಂದ ಅವರನ್ನು ಬ್ರಹ್ಮನೂ ಎಬ್ಬಿಸುವಂತಿಲ್ಲ. ತಾವು ಆ ಕುರ್ಚಿಯಲ್ಲಿ ಬೇರು ಬಿಟ್ಟಿದ್ದೀರಿ. ಷಡ್ಡಕರು ಆಗಾಗ ಕೂತಿದ್ದಾರೆ. ನಾನು ಮದುವೆಯಾದಂದಿನಿಂದ ಕಳೆದ ಭಾನುವಾರದ ತನಕ ಅದರಲ್ಲಿ ಕೂತದ್ದು ಒಂದೇ ಒಂದು ಸಲ, ಅದೂ ಬಲ್ಬು ಬದಲಿಸಲು ಹತ್ತುವ ಮುಂಚೆ ಚಪ್ಪಲಿ ಬಿಚ್ಚುವುದಕ್ಕೆ.

೩. ತಮ್ಮ ಆದೇಶ (ಉಲ್ಲೇಖ ೧) ಹೊರಬಿದ್ದಾಗ ಮೇಜಿನ ಸುತ್ತ ಎಲ್ಲರೂ ತಟ್ಟೆ ನೋಡುತ್ತಿದ್ದರು. ನಾನು ಎದೆಯುಬ್ಬಿಸಿ, "ನನಗೆ ಬಿಡಿ ಅತ್ತೆ. ಹರಿಯೋ ನೀರಿಗೂ ಸ್ಟಿಕ್ಕರ್ ಅಂಟಿಸ್ತೀನಿ" ಎಂದೆ.

"ಅಂಟುರಾಯ, ಹೋದ ತಿಂಗಳು ನನ್ನ ಸ್ಕೂಟರಿಗೆ ಅಂಟಿಸಿದ್ದು ಮನೆ ಸೇರೋ ಮುಂಚೆ ಉದುರಿತ್ತು," ಎಂದರು ಷಡ್ಡಕರು.

"ಸ್ಕೂಟರಿಗೆ ನಾಚಿಕೆಯಾಗಿರಬೇಕು ಭಾವ, ನಿಮ್ಮ ಹೆಸರು ಹೊತ್ಕೊಂಡು ತಿರುಗೋಕೆ."

ಅವರ ಪತ್ನಿ, ಅಂದರೆ ನನ್ನ ಅತ್ತಿಗೆಯವರು, ನಕ್ಕರು. ತಾವು ನಗಲಿಲ್ಲ. "ನನ್ನ ಕನ್ನಡಕ ಇಲ್ದೇನೂ ಗುರುತು ಸಿಗ್ಬೇಕು ಅಳಿಯಂದ್ರೇ" ಎಂದಷ್ಟೇ ಹೇಳಿದಿರಿ.

೪. ನಾನು ಮೂರು ಲಕ್ಷ ಬಿಲ್ಲೆಗಳ (ತಿದ್ದುಪಡಿ: ಮುನ್ನೂರು) ಚೀಟಿ ಬದಲಿಸಿದೆ. ಎರಡೆರಡು ಮುಖ, ಆದ್ದರಿಂದ ಆರು ಲಕ್ಷ ಎಂದೇ ಹಿಡಿಯತಕ್ಕದ್ದು (ತಿದ್ದುಪಡಿ: ಹಿಡಿಯತಕ್ಕದ್ದಲ್ಲ). ಪತ್ನಿಯ ಹೇರ್ ಡ್ರೈಯರನ್ನು ಸಾರ್ವಜನಿಕ ಹಿತದೃಷ್ಟಿಯಿಂದ ವಶಪಡಿಸಿಕೊಂಡು ಹಳೆಯ ಚೀಟಿಗೆ ಬಿಸಿಗಾಳಿ ಕೊಟ್ಟೆ. ಕಡಿಮೆಯಾದರೆ ಅಂಟು ಬಿಡದು, ಹೆಚ್ಚಾದರೆ ಬಿಲ್ಲೆಯೇ ಹಪ್ಪಳದಂತೆ ಸೊಟ್ಟಗಾಗುವುದು. ಅಂಚಿಗೆ ಬ್ಲೇಡಿನ ಮೂಲೆ ತೂರಿಸಿ ಚೀಟಿ ಎಬ್ಬಿಸಿದೆ. ತಗ್ಗಿನಲ್ಲಿ ಉಳಿದ ಹಳೆಯ ಅಂಟಿಗೆ ಮೊದಲು ಥಿನ್ನರ್ ಹಾಕಿದೆ. ಆ ಬಿಲ್ಲೆಯಲ್ಲಿ ಅಳಿದುಳಿದಿದ್ದ ಬಣ್ಣ, ಥಿನ್ನರ್ ಮತ್ತು ನನ್ನ ಮರ್ಯಾದೆ ಮೂರೂ ಒಟ್ಟಿಗೆ ಬಟ್ಟೆಗೆ ಬಂದವು. ಸದರಿ ಬಿಲ್ಲೆ ಹುತಾತ್ಮವಾಯಿತು. ಅಲ್ಲಿಂದ ಮುಂದೆ ಅಡುಗೆ ಎಣ್ಣೆ ಸವರಿ ಉಗುರಿನಲ್ಲೇ ಕೆರೆದೆ. ಉಗುರು ಸವೆದ ಮೇಲೆ ಬೆರಳಿನಲ್ಲಿ ಕೆರೆದೆ, ಬೆರಳುಗಳೆಲ್ಲ ಗುಳ್ಳೆಯೆದ್ದವು. ಹೊಸ ಚೀಟಿಯನ್ನು ತಗ್ಗಿಗಿಂತ ಒಂದು ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸಬೇಕು. ದೊಡ್ಡದಾದರೆ ಅಂಚು ಏಳುತ್ತದೆ, ಚಿಕ್ಕದಾದರೆ ದೊಡ್ಡವರ ಚಡ್ಡಿ ತೊಟ್ಟ ಮಗುವಿನಂತೆ ಒಳಗೆ ಜಾರಾಡುತ್ತದೆ. ಬ್ಲೇಡಿನ ತುದಿಗೆ ಚೀಟಿ ಕಚ್ಚಿಸಿ, ಒಂದು ಬದಿ ಇಳಿಸಿ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಒತ್ತಿದರೆ ಒಳಗೆ ಗಾಳಿಗುಳ್ಳೆ ನಿಲ್ಲುವುದಿಲ್ಲ. ನನ್ನ ಕೈ ನಡುಗಿದ್ದನ್ನು ಕಂಡವರು ಈ ಭೂಮಿಯ ಮೇಲೆ ಹುಟ್ಟಿಲ್ಲ. (ತಿದ್ದುಪಡಿ: ಹುಟ್ಟಿದ್ದಾರೆ. ಬರೆಯುತ್ತಿದ್ದಾರೆ.)

೫. ಕನ್ನಡಕವಿಲ್ಲದೆ ಗುರುತು ಸಿಗುವಂಥದ್ದು ಯಾವುದು? ಅಂಕಿಯಲ್ಲ, ಮುಖ! ಈ ಆಲೋಚನೆ ಹೊಳೆದಾಗ ನನ್ನ ಬುದ್ಧಿಗೆ ನಾನೇ ಎದ್ದು ನಿಂತು ಗೌರವ ಸಲ್ಲಿಸಿದೆ. ಕುಟುಂಬದ ಫೋಟೋಗಳನ್ನು ದುಂಡಗೆ ಮುದ್ರಿಸಿದೆ. ನೂರಕ್ಕೆ ತಾವು. ಕಾರಣ, ನನಗೆ ಇನ್ನೂ ಬದುಕುವ ಆಸೆ ಇದೆ. ಐವತ್ತಕ್ಕೆ ನಾನು. ಕಾರಣ, ಅಂಟಿಸಿದವನು ನಾನು. ಹತ್ತಕ್ಕೆ ಪತ್ನಿ, ಐದಕ್ಕೆ ಅತ್ತಿಗೆ. ಒಂದಕ್ಕೆ ಷಡ್ಡಕರು. ಕಾರಣ ಕೊಡುವ ಅಗತ್ಯ ಕಂಡುಬಂದಿಲ್ಲ.

೬. ಕಳೆದ ಭಾನುವಾರ ಪೆಟ್ಟಿಗೆ ತೆರೆದಾಗ ನಡೆದದ್ದು ತಮ್ಮ ಸಮಕ್ಷಮದಲ್ಲೇ ನಡೆದಿದೆ. ಆದರೂ ದಾಖಲೆಗಾಗಿ:

"ನಾನು ಒಂದಾ?" ಎಂದರು ಷಡ್ಡಕರು. ಅವರ ಎರಡೂ ಅಂಗೈ ತುಂಬ ಅವರೇ ಇದ್ದರು.

"ಎಲ್ಲರಿಗಿಂತ ಜಾಸ್ತಿ ಇರೋದು ನೀವೇ ಅಲ್ವಾ ಭಾವ? ಒಂದಿಲ್ದೆ ಯಾವ ಲೆಕ್ಕ ಶುರುವಾಗುತ್ತೆ?"

"ಬಿಡಿ, ಸರಿಯಾಗೇ ಇದೆ," ಎಂದರು ಅತ್ತಿಗೆ. "ಮನೇಲೂ ಇವರು ಐದು ಸಲ ಹೇಳಿದ್ದನ್ನ ನಾನು ಒಂದು ಸಲಕ್ಕೆ ಮುಗಿಸ್ತೀನಿ."

ಆಟ ಶುರುವಾಯಿತು. "ಎರಡು ಭಾವ ಹಾಕ್ದೆ." "ಐದು ಭಾವಂಗೆ ಒಬ್ಬಳು ಅಕ್ಕ, ಚಿಲ್ಲರೆ ಕೊಡಿ." ಇಷ್ಟರಲ್ಲಿ ನಾನು ಒಂದು ಕೈಗೆ ಧೈರ್ಯವಾಗಿ ಹತ್ತರದ್ದೊಂದು ಎಸೆದು ಸೋತೆ. ನನ್ನ ಎಲೆಗಳನ್ನು ಪತ್ನಿ ತಿರುಗಿಸಿ ನೋಡಿದಳು.

"ರೀ, ನನ್ನನ್ನ ಬರೀ ಎರಡರ ಜೋಡಿ ಮೇಲೆ ಎಸೆದ್ರಾ?"

"ನಿನ್ನ ಮೇಲೆ ಅಷ್ಟು ನಂಬಿಕೆ ಕಣೇ."

"ಹಾಗಾದ್ರೆ ನಿಮ್ಮನ್ನೇ ಎಸೀಬೇಕಿತ್ತು!"

ಈ ಬಿಂದುವಿನ ಮೇಲೆ ಬರಹಗಾರ್ತಿ ಪೆನ್ನು ಕೆಳಗಿಟ್ಟ ಕಾರಣ ಅರ್ಜಿ ಸ್ವಲ್ಪ ಹೊತ್ತು ತಡವಾಗಿದೆ. ಕ್ಷಮೆ ಇರಲಿ.

೭. ಅಸಲು ತೊಂದರೆ ಆಮೇಲೆ. ನೂರರ ಬಿಲ್ಲೆಯನ್ನು ಯಾರೂ ಕೈಬಿಡುತ್ತಿಲ್ಲ! ಅತ್ತೆಯವರನ್ನು ಅತ್ತೆಯವರ ಎದುರೇ ಮೇಜಿನ ಮೇಲೆ ಎಸೆಯುವ ಗಂಡಸು ಎಲ್ಲಿದ್ದಾನೆ? ಹೆಂಡತಿಯನ್ನು ಪಣಕ್ಕಿಟ್ಟವರ ಕಥೆ ಕೇಳಿದ್ದೇವೆ, ಅತ್ತೆಯನ್ನು ಇಟ್ಟವರ ಕಥೆ ಕೇಳಿಲ್ಲ. ಷಡ್ಡಕರು ಒಮ್ಮೆ ನೂರರ ಬಿಲ್ಲೆಯನ್ನು ಎತ್ತಿ, ಎದುರಿಗೆ ಕೂತಿದ್ದ ತಮ್ಮ ಮುಖವನ್ನೂ ನೋಡಿ, ಅದನ್ನು ಮೆಲ್ಲನೆ ವಾಪಸ್ ಇಟ್ಟುಕೊಂಡರು. ಆಟ ಅಲ್ಲಿಗೇ ಕೆಸರಿಗೆ ಸಿಕ್ಕ ಗಾಡಿಯಾಯಿತು. ಎಲ್ಲರ ಮುಂದೆಯೂ ತಾವು, ನಡುವಿನ ರಾಶಿಯಲ್ಲಿ ಬರೀ ಷಡ್ಡಕರು.

೮. ಆಗ ಕೊನೆಯ ಕೈ ಹಂಚಿದರು. ನನಗೆ ಬಂದದ್ದು ಮೂರು ರಾಣಿ, ಎರಡು ಎಂಟು. ಇಂಥ ಎಲೆ ಸಾವಿರ ವರ್ಷಕ್ಕೊಮ್ಮೆ ಮಹಾಪುರುಷರಿಗೆ ಮಾತ್ರ ಬರುತ್ತದೆ. (ತಿದ್ದುಪಡಿ: ಅತ್ತಿಗೆಗೆ ಹಿಂದಿನ ವಾರ ಬಂದಿತ್ತು.) ತಾವು ತಮ್ಮ ಎಲೆಗಳನ್ನು ಒಮ್ಮೆ ನೋಡಿದಿರಿ. ಆಮೇಲೆ ನನ್ನ ಕಡೆ ನೋಡಿದಿರಿ. ಆಮೇಲೆ ತಮ್ಮ ಮುಂದಿದ್ದ ತಮ್ಮನ್ನೆಲ್ಲ ಎರಡೂ ಕೈಯಿಂದ ನಡುವಿಗೆ ತಳ್ಳಿ, "ಯಾರೂ ಇಡದಿದ್ರೆ ನನ್ನನ್ನ ನಾನೇ ಇಡ್ತೀನಿ" ಎಂದಿರಿ.

ಪತ್ನಿ, ಅತ್ತಿಗೆ, ಷಡ್ಡಕರು ಮೂವರೂ ಎಲೆ ಕೆಳಗಿಟ್ಟರು. ನಾನು ಇದ್ದಬದ್ದ ಬಿಲ್ಲೆಗಳನ್ನೆಲ್ಲ ಸಿಂಹದಂತೆ ಮುಂದಕ್ಕೆ ನೂಕಿದೆ.

"ಮೊದಲು ನೀವು ತೋರ್ಸಿ ಅಳಿಯಂದ್ರೇ."

ತೋರಿಸಿದೆ. ತಾವು "ಹ್ಞೂಂ, ನಿಮ್ಮದೇ" ಎಂದು ತಮ್ಮ ಐದು ಎಲೆಗಳನ್ನು ಬೋರಲಾಗಿಯೇ ಕಟ್ಟಿನೊಳಗೆ ಸೇರಿಸಿ ಕಲಸಿಬಿಟ್ಟಿರಿ.

"ಅತ್ತೆ, ನಿಮ್ಮ ಎಲೆ ತೋರಿಸ್ಲಿಲ್ಲ!" ಎಂದು ಷಡ್ಡಕರು ಎದ್ದೇ ನಿಂತರು.

"ಸೋತವಳ ಎಲೆ ನೋಡಿ ಏನ್ಮಾಡ್ತೀರಿ? ಊಟಕ್ಕೇಳಿ."

೯. ಕೈಕುರ್ಚಿಯಲ್ಲಿ ಕೂತೆ. ವಿವರಿಸಲು ಶಬ್ದಗಳು ಸಾಲವು, ಆದ್ದರಿಂದ ವಿವರಿಸಿಲ್ಲ.

೧೦. ಮೆಟ್ಟಿಲಿಳಿಯುವಾಗ ನಾನು ಭೂಮಿಯಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದೆ. ಆಗ ಪತ್ನಿ ಹೇಳಿದ ಮಾತು (ಉಲ್ಲೇಖ ೨) ಇದು: "ಅಮ್ಮನ ಕೈಲಿ ನಾಲ್ಕು ಹತ್ತು ಇತ್ತು ಕಣ್ರೀ. ನಾನು ಪಕ್ಕದಲ್ಲೇ ಕೂತಿದ್ದೆ."

ನಾಲ್ಕು ಹತ್ತು ಇದ್ದಲ್ಲಿ ನನ್ನ ಮೂರು ರಾಣಿ ಎರಡು ಎಂಟು ಮುಸುರೆಗೆ ಸಮಾನವೆಂಬುದು ತಮಗೆ ತಿಳಿದ ವಿಷಯ.

"ಮತ್ಯಾಕೆ ಸೋತ್ರು?" ಎಂದೆ.

"ನಿಮ್ಮ ಬೆರಳು ನೋಡ್ತಾ ಇದ್ರು."

ಅಲ್ಲಿಂದ ಮನೆಯವರೆಗೆ ನಾನು ಹತ್ತೂ ಬೆರಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡೇ ನಡೆದೆ. ಇದನ್ನು ತಿದ್ದುವ ಅಗತ್ಯ ಬರಹಗಾರ್ತಿಗೂ ಕಂಡುಬಂದಿಲ್ಲ.

೧೧. ಸದರಿ ಆರೋಪವನ್ನು ನಾನು ಈ ಕೆಳಕಂಡ ಕಾರಣಗಳಿಂದ ತಳ್ಳಿಹಾಕುತ್ತೇನೆ. ಒಂದು, ಸಾಕ್ಷಿಯ ಕನ್ನಡಕ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿತ್ತು. ಎರಡು, ಸಾಕ್ಷಿಯನ್ನು ಅದೇ ದಿನ ಎರಡರ ಜೋಡಿ ಮೇಲೆ ಎಸೆಯಲಾಗಿದ್ದು, ಆಕೆಗೆ ನನ್ನ ಮೇಲೆ ಹಗೆ ಇರುವ ಸಂಭವವಿದೆ. ಮೂರು, ತಾವು ಕ್ಲಬ್ಬಿನಲ್ಲಿ ದೊಡ್ಡ ದೊಡ್ಡ ಮೀಸೆಗಳಿಗೇ ಮರುಗಿದವರಲ್ಲ. ಇನ್ನು ಅಳಿಯನ ನಾಲ್ಕು ಗುಳ್ಳೆಗಳಿಗೆ ಮರುಗುವಿರಾ? ಹಾಗೆ ಮರುಗುವವರಾಗಿದ್ದರೆ ಮದುವೆಯ ಮಾತುಕತೆಗೆ ಬಂದಾಗ ನನ್ನನ್ನು ಅಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸುತ್ತಿರಲಿಲ್ಲ. ನಾಲ್ಕನೆಯ ಕಾರಣ ಹುಡುಕಲಾಗುತ್ತಿದೆ.

ಆದ್ದರಿಂದ, ಷಡ್ಡಕರು ದಾರಿಯಲ್ಲಿ ಸಿಕ್ಕಾಗಲೆಲ್ಲ "ಏನಪ್ಪಾ, ದಾನದ ಕುರ್ಚಿ ಹೇಗಿದೆ?" ಎಂದು ಕೇಳುತ್ತಿರುವುದರಿಂದಲೂ, ಅದಕ್ಕೆ ಕೊಡಬೇಕಾದ ಉತ್ತರ ನನಗೇ ಗೊತ್ತಿಲ್ಲದಿರುವುದರಿಂದಲೂ, ತಮ್ಮ ಕೈಯಲ್ಲಿದ್ದ ಐದು ಎಲೆಗಳು ಯಾವುವೆಂದು ತಿಳಿಸಿ, ಅವು ನನ್ನ ಎಲೆಗಳಿಗಿಂತ ಕೀಳಾಗಿದ್ದವೆಂದು ಸಹಿ ಹಾಕಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
(ಹೆಬ್ಬೆರಳಿನ ಗುರುತು. ಬಟ್ಟೆಯ ಮೇಲಿಂದ.)

ಲಗತ್ತುಗಳು:
೧. ಹುತಾತ್ಮ ಬಿಲ್ಲೆ.
೨. ಐವತ್ತರ ಬಿಲ್ಲೆ, ಮಾದರಿಗಾಗಿ. ಅಂಚು ಎಲ್ಲೂ ಎದ್ದಿಲ್ಲ, ಉಗುರು ಹಾಕಿ ನೋಡಬಹುದು.
೩. ಹೇರ್ ಡ್ರೈಯರ್, ವಾಪಸ್ ಕೊಡತಕ್ಕದ್ದು. (ಇದನ್ನು ಸೇರಿಸಿದವಳು ಬರಹಗಾರ್ತಿ.)

ಕೊನೆಯ ಕೋರಿಕೆ: ಇಷ್ಟರ ಮೇಲೂ ಆ ನಾಲ್ಕು ಹತ್ತುಗಳು ನಿಜವೇ ಆಗಿದ್ದಲ್ಲಿ, ದೃಢೀಕರಣದ ಬೇಡಿಕೆಯನ್ನು ಹಿಂಪಡೆಯಲಾಗಿದೆಯೆಂದು ಭಾವಿಸಿ, ಅರ್ಜಿಯನ್ನು ಷಡ್ಡಕರ ಕಣ್ಣಿಗೆ ಬೀಳದಂತೆ ಹರಿದುಹಾಕಿ, ಬರುವ ಭಾನುವಾರ ನನ್ನನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ಸೋಲಿಸತಕ್ಕದ್ದು. ಆದರೆ ಆದಷ್ಟೂ ನಿಧಾನವಾಗಿ ಸೋಲಿಸಬೇಕಾಗಿ ವಿನಂತಿ. ಕುರ್ಚಿ ಈಗತಾನೇ ಬೆನ್ನಿಗೆ ಒಗ್ಗುತ್ತಿದೆ.