ಅತ್ತೆ ಹೊರಡಲು ಒಂದು ಚೀಲ ಹಿಟ್ಟು

ಎಲ್ಲಕ್ಕೂ ಕಾರಣ ಅತ್ತೆಯ ಒಂದು ದವಡೆಹಲ್ಲು. ಅದನ್ನು ಕೀಳಿಸಿಕೊಳ್ಳಲೆಂದು ಅವರು ಬಿಕಿಟಾದ ಹಳ್ಳಿಯಿಂದ ಮಸ್ವಿಂಗೋ ಪೇಟೆಗೆ, ಮಗಳ ಮನೆಗೆ ಬಂದಿದ್ದರು. ಎರಡು ದಿನವಿದ್ದು ಹೊರಡುವ ಯೋಚನೆ. ಹಲ್ಲು ಕಿತ್ತ ಮರುದಿನವೇ ಲಾಕ್‌ಡೌನ್ ಬಂತು, ಬಸ್ಸುಗಳು ನಿಂತವು. ಹಲ್ಲು ಹೋಯಿತು, ಅತ್ತೆ ಉಳಿದರು.

ಅಳಿಯ ನಬೋತ್ ಚಿರಾಂಡು ಅಂಚೆ ಕಚೇರಿಯ ಗುಮಾಸ್ತ, ಸಾಧು ಪ್ರಾಣಿ. ಅವನ ಮನೆಗೆ ಇರುವುದೇ ಎರಡು ಕೋಣೆ. ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಂದೆ ಕುರ್ಚಿಯಲ್ಲಿ ಕೂರಬಾರದು, ಅಂಗಿ ಬಿಚ್ಚಬಾರದು, ಹಲ್ಲು ಬಿಟ್ಟು ನಗಬಾರದು. ತಲೆಯೆತ್ತಿ ಅವರ ಮುಖ ನೋಡುವ ಮಾತಂತೂ ಇಲ್ಲವೇ ಇಲ್ಲ. ವರ್ಷಕ್ಕೊಮ್ಮೆ ಅತ್ತೆ ಮನೆಗೆ ಹೋದಾಗ ಇದನ್ನೆಲ್ಲ ಪಾಲಿಸುವುದು ಕಷ್ಟವಲ್ಲ. ಅತ್ತೆಯೇ ಬಂದು ಬೇರುಬಿಟ್ಟರೆ ಏನು ಮಾಡಬೇಕೆಂದು ಹಿರಿಯರು ಹೇಳಿಟ್ಟಿರಲಿಲ್ಲ. ಅವರು ಒಳಗಿದ್ದರೆ ನಬೋತ್ ಅಂಗಳದ ಸೀಬೆಮರದ ಕೆಳಗೆ. ಅವರು ಅಂಗಳಕ್ಕೆ ಬಂದು, ಪಕ್ಕದ ಮನೆಯಲ್ಲಿ ಇವರಂತೆಯೇ ಸಿಕ್ಕಿಕೊಂಡಿದ್ದ ಬಿಕಿಟಾದ ಮಂಜುಗಣ್ಣಿನ ಮಾರ್ವೆಯಿ ಅಜ್ಜಿಯ ಜೊತೆ ಬೇಲಿಯಾಚೆಗೆ ಹರಟೆಗೆ ನಿಂತರೆ, ನಬೋತ್ ಹಿತ್ತಲಿಗೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವನಿಗೆ ಅತ್ತೆಯ ಪರಿಚಯವಿದ್ದದ್ದು ಮೊಣಕಾಲಿನಿಂದ ಕೆಳಗೆ ಮಾತ್ರ. ಕ್ರಿಸ್‌ಮಸ್ಸಿಗೆ ತಾನೇ ಕೊಡಿಸಿದ ಹಸಿರು ಕ್ಯಾನ್ವಾಸ್ ಶೂ, ಬಲಗಾಲಿನ ಹೆಬ್ಬೆರಳ ಬಳಿ ಒಂದು ತೂತು. ಅವನ ಪಾಲಿಗೆ ಅತ್ತೆಯೆಂದರೆ ಅಷ್ಟೇ.

ಅಂತೂ ಒಂದು ಬೆಳಿಗ್ಗೆ ಹೆಂಡತಿ ಶೂವಾಯಿ ಅವನನ್ನು ಸೀಬೆಮರದ ಕೆಳಗೇ ಎಬ್ಬಿಸಿದಳು.

"ಟೀನೋನ ಅಪ್ಪಾ, ಎಲೆಕೋಸಿನ ಲಾರಿ ಇವತ್ತು ಬಿಕಿಟಾಗೆ ಖಾಲಿ ಹೋಗ್ತಿದೆ. ಡ್ರೈವರ್ ಅಮ್ಮನಿಗೆ ಒಂದು ಸೀಟು ಕೊಡ್ತಾನಂತೆ. ಸಂಜೆ ನಾಲ್ಕಕ್ಕೆ, ದೊಡ್ಡ ಅಂಗಡಿ ಹಿಂದಿನಿಂದ."

ನಬೋತನ ಮುಖ ಅರಳಿತು. "ದೇವರು ದೊಡ್ಡವನು ಕಣೇ!"

"ದೇವರಿರ್ಲಿ, ಹಿಟ್ಟೆಲ್ಲಿ? ಊರಲ್ಲಿ ಮಳೆ ಇಲ್ದೆ ಜೋಳ ಒಣಗಿದೆ. ಅಮ್ಮ ಲಾರಿ ಇಳಿದ ತಕ್ಷಣ ಹತ್ತು ಜನ ಕೇಳ್ತಾರೆ, ಅಳಿಯ ಏನು ಕೊಟ್ಟ ಅಂತ. ಒಂದು ಚೀಲ ಹಿಟ್ಟು ತಂದ್ರೆ ಹೊರಡ್ತಾರೆ. ಬರಿಗೈಲಿ ಮಾತ್ರ ಹೋಗಲ್ವಂತೆ."

ಹಿಟ್ಟೆಂದರೆ ಮೆಕ್ಕೆಜೋಳದ ಹಿಟ್ಟು. ಅದರ ಬಿಳಿ ಮುದ್ದೆ ಹೊಟ್ಟೆಗಿಳಿಯದೆ ನಮ್ಮಲ್ಲಿ ಊಟವಾಯಿತು ಎನ್ನುವುದಿಲ್ಲ. ಎರಡು ತಟ್ಟೆ ಅನ್ನ ಉಂಡವನೂ "ಇನ್ನೂ ಊಟ ಇಲ್ಲ" ಎಂದೇ ಹೇಳುತ್ತಾನೆ. ಅಂಗಡಿಯಲ್ಲಿ ಅಕ್ಕಿಯಿತ್ತು, ಸಾಬೂನಿತ್ತು, ನಾಯಿಗೆ ಹಾಕುವ ಬಿಸ್ಕತ್ತೂ ಇತ್ತು. ಹಿಟ್ಟು ಮಾತ್ರ ಯಾವಾಗಲೋ ಒಮ್ಮೆ ಬರುತ್ತಿತ್ತು, ಬಂದ ಹೊತ್ತಿನಲ್ಲೇ ಮಾಯವಾಗುತ್ತಿತ್ತು.

ನಬೋತ್ ಮಾಸ್ಕ್ ಕಟ್ಟಿಕೊಂಡು ದೊಡ್ಡ ಅಂಗಡಿಗೆ ಓಡಿದ. ಅವನ ಪುಣ್ಯಕ್ಕೆ ಹಿಟ್ಟು ಬಂದಿತ್ತು. ಅಂಗಡಿಯ ಮುಂದಿನ ಸಾಲಿನಲ್ಲಿ ಮನುಷ್ಯರಿಗಿಂತ ಕಲ್ಲುಗಳೇ ಹೆಚ್ಚು. ಒಂದು ಕಲ್ಲಿಟ್ಟು ನೆರಳಿಗೆ ಹೋದರೆ ಅದು ಆ ಮನುಷ್ಯನೇ ನಿಂತಂತೆ. ಯಾರೂ ಅದನ್ನು ಸರಿಸುವುದಿಲ್ಲ. ನಬೋತನೂ ಒಂದು ಅರ್ಧ ಇಟ್ಟಿಗೆ ಇಟ್ಟ. ಜಾಗ ಚೆನ್ನಾಗಿಯೇ ಇತ್ತು. ಹತ್ತು ಗಂಟೆಗೆಲ್ಲ ಕೆಲಸ ಮುಗಿಯುತ್ತದೆ ಎಂದುಕೊಂಡ.

ಅಷ್ಟರಲ್ಲಿ ಎದುರುಮನೆಯ ಗ್ವಾಟಿಡ್ಜೋ ಬಂದ. ಶೂವಾಯಿಯದು ಸಿಂಹದ ಕುಲ, ಗ್ವಾಟಿಡ್ಜೋನದೂ ಸಿಂಹದ ಕುಲ. ಆ ಲೆಕ್ಕದಲ್ಲಿ ಅವನು ನಬೋತನಿಗೆ ಮಾವ. ಸಾಲ ಕೇಳುವಾಗ ಮಾತ್ರ ನೆನಪಾಗುವ ಮಾವ.

"ಏನ್ ಅಳಿಯಂದ್ರೇ, ಮಾವನ್ನ ಹಿಂದೆ ಬಿಸಿಲಲ್ಲಿ ನಿಲ್ಲಿಸಿ ನೀವು ಮುಂದೆ ನಿಲ್ತೀರಾ?"

ನಬೋತ್ ಎರಡೂ ಕೈ ಬೊಗಸೆ ಮಾಡಿ ಮೆಲ್ಲಗೆ ತಟ್ಟಿ ಗೌರವ ಸಲ್ಲಿಸಿದ. "ಬನ್ನಿ ಮಾವ" ಎಂದು ಇಟ್ಟಿಗೆಯನ್ನು ಹಿಂದಕ್ಕಿಟ್ಟ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗ್ವಾಟಿಡ್ಜೋ ಇಡೀ ಸಾಲಿಗೆ ಕೇಳುವಂತೆ ಹೊಗಳಿದ: "ನಮ್ಮ ಸಿಂಹದವರ ಅಳಿಯ ಅಂದ್ರೆ ಇವನಪ್ಪಾ! ಅಳಿಯ ಅಂದ್ರೆ ಅತ್ತಿಮರ, ಎಷ್ಟು ಕಿತ್ರೂ ಹಣ್ಣು ಮುಗಿಯಲ್ಲ!"

ಅವರೆಲ್ಲ ಇದ್ದ ಮುಚೆಕೆ ಬಡಾವಣೆಯಲ್ಲಿ ಸಿಂಹದವರಿಗೇನು ಬರ? ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ದಪ್ಪ ಹೆಂಗಸೊಬ್ಬಳು ಬಂದು, "ಶೂವಾಯಿ ನನಗೆ ತಂಗಿ ಆಗ್ಬೇಕು, ನಿಂಗೆ ನಾನು ಅತ್ತಿಗೆ" ಎಂದಳು. ಇಟ್ಟಿಗೆ ಹಿಂದಕ್ಕೆ ಹೋಯಿತು. ಆಮೇಲೆ ಇಬ್ಬರು ಅತ್ತೆಯರು, ಒಬ್ಬ ಕುಂಟು ಮಾವ. ಮತ್ತೊಬ್ಬಳು ಏನೂ ಹೇಳದೆ ಮುಂದೆ ನಿಂತಾಗ ನಬೋತ್ ಸಂಕೋಚದಿಂದಲೇ ಕೇಳಿದ, "ತಾಯೀ, ತಾವೂ ಸಿಂಹದವರಾ?"

"ಇವತ್ತಿನ ಮಟ್ಟಿಗೆ ಹೌದಪ್ಪ" ಎಂದಳು ಆಕೆ.

ನಿಂತವರು ನಕ್ಕರು. ಲಾಠಿ ಹಿಡಿದಿದ್ದ ಪೊಲೀಸಿನವನೂ ನಕ್ಕ. ನಬೋತನಿಗೆ ಸಿಟ್ಟು ಬಂತು, ಆದರೆ ಹೆಂಡತಿಯ ಕುಲದ ಮೇಲೆ ಸಿಟ್ಟು ತೋರಿಸುವ ಕ್ರಮ ಅವನಿಗೆ ಗೊತ್ತಿರಲಿಲ್ಲ. ಹಿಟ್ಟಿನ ಚೀಲ ಹೊತ್ತು ಮನೆಗೆ ಹೊರಟ ಗ್ವಾಟಿಡ್ಜೋ ಹೋಗುವಾಗ ಅವನ ಬೆನ್ನು ತಟ್ಟಿ ಹೋದ. ಮಧ್ಯಾಹ್ನವಾಗುವ ಹೊತ್ತಿಗೆ ಇಟ್ಟಿಗೆ ಸಾಲಿನ ಕೊನೆ ಮುಟ್ಟಿತ್ತು.

ಆಗ ಅವನು ಒಂದು ಉಪಾಯ ಮಾಡಿದ. ಮುಖ ಕಂಡರೆ ತಾನೇ ನೆಂಟಸ್ತಿಕೆ? ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡ, ಟೋಪಿ ಇಳಿಸಿದ, ಯಾರನ್ನೂ ನೋಡದೆ ನೆಲಕ್ಕೆ ದೃಷ್ಟಿ ನೆಟ್ಟ. ಉಪಾಯ ಫಲಿಸಿತು. ಯಾರೂ ಅವನನ್ನು ಕರೆಯಲಿಲ್ಲ. ಸಾಲು ಹೆಜ್ಜೆ ಹೆಜ್ಜೆಯಾಗಿ ಕರಗಿ, ಮೂರೂವರೆಯ ಸುಮಾರಿಗೆ ನಬೋತ್ ಬಾಗಿಲ ಬಳಿ ಬಂದ. ಕೈಗೆ ಸ್ಯಾನಿಟೈಸರ್ ಕೂಡ ಬಿತ್ತು.

"ಇದೊಂದೇ ಉಳಿದಿರೋದು!" ಎಂದು ಅಂಗಡಿಯವನು ಚೀಲವೊಂದನ್ನು ಎತ್ತಿ ತೋರಿಸಿದ. ಹಿಂದೆ ನಿಂತವರು ಗೊಣಗುತ್ತ ಚದುರಿದರು. ನಬೋತ್ ಕೈಚಾಚಿದ.

ಅವನು ನೋಡುತ್ತಿದ್ದ ನೆಲದ ಮೇಲೆ ಎರಡು ಹಸಿರು ಕ್ಯಾನ್ವಾಸ್ ಶೂ ಬಂದು ನಿಂತವು. ಬಲಗಾಲಿನ ಹೆಬ್ಬೆರಳ ಬಳಿ ತೂತು.

ನಬೋತನ ಮೊಣಕಾಲು ತಾನಾಗಿಯೇ ಮಡಚಿಕೊಂಡಿತು. ಅಲ್ಲೇ, ಅಂಗಡಿಯ ಬಾಗಿಲಲ್ಲಿ, ಅವನು ಕುಕ್ಕರುಗಾಲಲ್ಲಿ ಕೂತು ಕೈ ತಟ್ಟಿದ. ತಡವಾಯಿತೆಂದು ಅತ್ತೆ ತಾವೇ ಬಂದುಬಿಟ್ಟಿದ್ದಾರೆ! ಒಳ್ಳೆಯದೇ ಆಯಿತು. ಲಾರಿ ಹೊರಡುವುದೂ ಈ ಅಂಗಡಿಯ ಹಿಂದಿನಿಂದಲೇ. ಹಿಟ್ಟು ಮನೆಗೆ ಹೋಗಿ, ಮನೆಯಿಂದ ಮತ್ತೆ ಲಾರಿಗೆ ಬರುವ ಸುತ್ತಾದರೂ ಉಳಿಯಿತು. ಅವನು ಮೊದಲೇ ಎಣಿಸಿ ಹಿಡಿದಿದ್ದ ನೋಟುಗಳನ್ನು ಅಂಗಡಿಯವನ ಕೈಗಿತ್ತು, ಚೀಲವನ್ನು ಎರಡೂ ಕೈಯಲ್ಲಿ ಹಸಿರು ಶೂಗಳ ಪಕ್ಕ ಇಟ್ಟ.

"ತಗೊಳ್ಳಿ ತಾಯೀ. ಸುಖವಾಗಿ ಊರು ಸೇರಿಕೊಳ್ಳಿ" ಎಂದ. ಮೇಲೆ ಮಾಸ್ಕಿನೊಳಗಿಂದ ಏನೋ ಗೊಗ್ಗರು ದನಿ ಬಂತು, ಆಶೀರ್ವಾದವೇ ಇರಬೇಕು. ಶೂಗಳು ತಿರುಗಿ ಅಂಗಡಿಯ ಹಿಂಭಾಗಕ್ಕೆ ನಡೆದವು. ಲಾರಿ ಗುಡುಗಿತು, ದೂಳೆಬ್ಬಿಸಿ ಹೊರಟೇಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಬೋತ್ ತಲೆಯೆತ್ತಲಿಲ್ಲ.

ಎತ್ತಿದ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಮನೆಯ ಹೊಸ್ತಿಲು ದಾಟುತ್ತಲೇ ಅಂಗಿ ಕಿತ್ತು ಎಸೆದ, ಬರಿಮೈಯಲ್ಲಿ ಸೋಫಾದ ಮೇಲೆ ಬಿದ್ದುಕೊಂಡ, ಎರಡೂ ಕಾಲನ್ನು ಮೇಜಿನ ಮೇಲೆ ಚಾಚಿದ.

"ಶೂವಾಯೀ, ಪೀಡೆ ತೊಲಗ್ತು ಕಣೇ! ಚಹಾ ತಗೊಂಡ್ ಬಾ!"

ಮೇಜಿನಾಚೆಯ ಚಾಪೆಯ ಮೇಲೆ, ಗೋಡೆಗೊರಗಿ ಚಾಚಿದ್ದ ಎರಡು ಬರಿಗಾಲು ಅವನ ಕಣ್ಣಿಗೆ ಬಿದ್ದವು. ಬಲಗಾಲಿನ ಹೆಬ್ಬೆರಳು ತುಸು ಉದ್ದ. ಶೂ ತೂತಾಗುವಷ್ಟು ಉದ್ದ.

"ಶೂವಾಯಿ," ಎಂದಿತು ಚಾಪೆಯ ಕಡೆಯಿಂದ ಒಂದು ಶಾಂತ ದನಿ, "ನಿನ್ನ ಗಂಡನಿಗೆ ಅಂಗಿ ಹಾಕ್ಕೊಳ್ಳೋಕೆ ಹೇಳು."

ನಬೋತ್ ಮೇಜಿನ ಬಟ್ಟೆಯನ್ನೇ ಎಳೆದು ಹೊದ್ದು ನೆಲಕ್ಕೆ ಕುಸಿದ. ಒಳಗಿನಿಂದ ಶೂವಾಯಿ ಓಡಿಬಂದಳು.

"ಮತ್ತೆ... ಲಾರಿ?" ಎಂದ ಅವನು.

"ಗ್ವಾಟಿಡ್ಜೋ ಮಾವ ಮಧ್ಯಾಹ್ನ ಬಂದು ಹೇಳಿದ್ರು, ನೀವು ಕಂಡಕಂಡವರಿಗೆಲ್ಲ ಜಾಗ ಬಿಟ್ಟು ಕೊನೇಲಿ ನಿಂತಿದ್ದೀರಿ, ಇವತ್ತು ನಿಮಗೆ ಹಿಟ್ಟು ಸಿಗಲ್ಲ ಅಂತ. ಬರಿಗೈಲಿ ಹೋಗೋದು ಹೇಗೆ? ಅಮ್ಮ ತಮ್ಮ ಸೀಟನ್ನ ಮಾರ್ವೆಯಿ ಅಜ್ಜಿಗೆ ಕೊಟ್ಬಿಟ್ರು. ಪಾಪ, ಅಜ್ಜಿ ಚಪ್ಪಲಿ ಹರಿದಿತ್ತು ಅಂತ ತಮ್ಮ ಶೂನೂ ಕೊಟ್ರು."

ಹಲ್ಲು ಹೋಗಿತ್ತು, ಶೂ ಹೋಯಿತು, ಸೀಟು ಹೋಯಿತು, ಹಿಟ್ಟೂ ಹೋಯಿತು. ನಬೋತನಿಗೆ ಅಳು ಬಂತು. ಆದರೆ ಅತ್ತೆಯ ಮುಂದೆ ಅಳುವಂತೆಯೂ ಇರಲಿಲ್ಲ.

"ಇನ್ನೊಂದು ವಿಷಯ ಹೇಳು ಅವನಿಗೆ," ಎಂದರು ಅತ್ತೆ ಮಗಳಿಗೆ. "ಮಾರ್ವೆಯಿ ಈಗಷ್ಟೇ ಡ್ರೈವರ್ ಫೋನಿಂದ ಮಾತಾಡಿದಳು. ಅಂಗಡೀಲಿ ಯಾರೋ ಒಬ್ಬ, ಗುರುತಿಲ್ಲ ಪರಿಚಯ ಇಲ್ಲ, ಇವಳ ಕಾಲ ಬುಡದಲ್ಲಿ ಕೂತು, ತಾನೇ ದುಡ್ಡು ಕೊಟ್ಟು, ಕಟ್ಟಕಡೇ ಚೀಲ ತೆಗೆದುಕೊಟ್ಟನಂತೆ. ಯಾವ ತಾಯಿ ಹೆತ್ತ ಮಗನೋ!" ಅವರು ಬರಿಗಾಲುಗಳನ್ನು ಇನ್ನಷ್ಟು ಹಾಯಾಗಿ ಚಾಚಿ ನಿಟ್ಟುಸಿರುಬಿಟ್ಟರು. "ಸಿಕ್ಕಿದ್ರೆ ಅಂಥ ಅಳಿಯ ಸಿಗ್ಬೇಕು ನೋಡು, ಶೂವಾಯಿ."